ಗೃಹದಲ್ಲಿ ಸ್ಥಾನವಿಚಾರ

ದೇವಾಲಯದ ಜೀರ್ಣೋದ್ಧಾರಕ್ಕೆ ಕೈಯಿಕ್ಕಿದಂದಿನಿಂದ ಊರಿನವರ ಬಾಯಲ್ಲಿ ಅಳತೆಯ ಮಾತೇ ಮಾತಾಗಿದೆ. ಗರ್ಭಗೃಹಕ್ಕೆ ಎಷ್ಟು ಕೋಲು, ಸುತ್ತುಪೌಳಿಗೆ ಎಷ್ಟು, ಬಲಿಪೀಠವೆಲ್ಲಿ, ತೀರ್ಥಬಾವಿಯೆಲ್ಲಿ ಎಂಬುದನ್ನು ಮಕ್ಕಳೂ ಹೇಳಬಲ್ಲರು. ಒಂದು ಕೋಲಿಗೆ 24 ಅಂಗುಲ, ಈಗಿನ ಲೆಕ್ಕದಲ್ಲಿ ಸುಮಾರು 72 ಸೆಂಟಿಮೀಟರು ಎಂಬುದು ಈಗ ಎಲ್ಲರಿಗೂ ಗೊತ್ತಾಗಿದೆ. ದೇವರ ಆಲಯದ ವಿಷಯದಲ್ಲಿ ಇಷ್ಟು ಸೂಕ್ಷ್ಮದೃಷ್ಟಿಯುಳ್ಳ ನಾವು ನಮ್ಮ ನಮ್ಮ ಮನೆಗಳ ವಿಷಯದಲ್ಲಿಯೂ ಹಾಗೆಯೇ ಇರುವೆವೇ ಎಂಬುದನ್ನು ಇಲ್ಲಿ ಕೊಂಚ ವಿಚಾರಿಸಬೇಕೆಂದಿದ್ದೇನೆ.

ನಮ್ಮ ಪೂರ್ವಿಕರು ಈ ಎರಡನ್ನೂ ಒಂದೇ ಶಾಸ್ತ್ರದ ಎರಡು ಕವಲುಗಳೆಂದು ಭಾವಿಸಿದ್ದರು. ಈ ಸೀಮೆಯ ತಂತ್ರಿಗಳು ಆಧಾರವಾಗಿಟ್ಟುಕೊಂಡಿರುವ ‘ತಂತ್ರಸಮುಚ್ಚಯ’ವು ಹದಿನೈದನೆಯ ಶತಮಾನದಲ್ಲಿ ಚೇನ್ನಾಸ್ ನಾರಾಯಣನ್ ನಂಬೂದಿರಿಗಳಿಂದ ರಚಿತವಾದುದು, ದೇವಾಲಯದ ನಿರ್ಮಾಣ, ಪ್ರತಿಷ್ಠೆ, ಪೂಜಾವಿಧಿಗಳೇ ಅದರ ವಿಷಯ. ಅದರ ಮುಂದಿನ ಶತಮಾನದಲ್ಲಿ ತಿರುಮಂಗಲತ್ತು ನೀಲಕಂಠನ್ ಎಂಬ ವಿದ್ವಾಂಸರು ಬರೆದ ‘ಮನುಷ್ಯಾಲಯ ಚಂದ್ರಿಕೆ’ಯು ಗೃಹಸ್ಥರ ಮನೆಗಳನ್ನು ಕುರಿತದ್ದು. ಆ ಹೆಸರನ್ನು ಒಮ್ಮೆ ಮನಸ್ಸಿಟ್ಟು ಓದಬೇಕು. ದೇವರಿರುವಲ್ಲಿ ದೇವಾಲಯವಾದರೆ ಮನುಷ್ಯನಿರುವಲ್ಲಿ ಮನುಷ್ಯಾಲಯ. ವಾಸಸ್ಥಾನಕ್ಕೆ ಇದಕ್ಕಿಂತ ಗೌರವದ ಹೆಸರನ್ನು ನಾನು ಕೇಳಿಲ್ಲ.

ದೇವಾಲಯವು ಮನಸ್ಸನ್ನು ತಿದ್ದುವ ಬಗೆಯನ್ನು ನೋಡೋಣ. ಭಕ್ತನು ಪಡಿಪ್ಪುರೆಯ ಹೊರಗೆ ಚಪ್ಪಲಿಯನ್ನು ಬಿಡುತ್ತಾನೆ, ಕಾಲು ತೊಳೆಯುತ್ತಾನೆ, ಗಂಡಸರು ಅಂಗಿಯನ್ನು ಕಳಚುತ್ತಾರೆ. ಹೊರಗಣ ಬಿಸಿಲಿನಿಂದ ಸುತ್ತುಪೌಳಿಯ ನೆರಳಿಗೆ, ಅಲ್ಲಿಂದ ನಮಸ್ಕಾರಮಂಟಪದ ಮಂದವಾದ ಬೆಳಕಿಗೆ, ಕಡೆಗೆ ಗರ್ಭಗೃಹದ ಕತ್ತಲೆಯೊಳಗಣ ಒಂದೇ ನಂದಾದೀಪಕ್ಕೆ ಕಣ್ಣು ತಾನಾಗಿಯೇ ಹೋಗುತ್ತದೆ. ಗರ್ಭಗೃಹಕ್ಕೆ ಕಿಟಕಿಯಿಲ್ಲ, ದೃಷ್ಟಿಗೆ ಬೇರೆ ದಾರಿಯೂ ಇಲ್ಲ. “ಮಾತನಾಡಬೇಡ” ಎಂದು ಯಾರೂ ಹೇಳದಿದ್ದರೂ ಹಠಮಾರಿ ಮಗುವೂ ಅಲ್ಲಿ ಮೌನವಾಗುತ್ತದೆ. ಇನ್ನೊಂದು ಸಂಗತಿ: ಅಲ್ಲಿ ಪ್ರತಿಯೊಂದು ಸ್ಥಾನಕ್ಕೂ ಒಂದು ಕೆಲಸ. ತಿಡಪಳ್ಳಿಯಲ್ಲಿ ನೈವೇದ್ಯದ ಅಡುಗೆಯೇ ಹೊರತು ಕಚೇರಿಯ ಲೆಕ್ಕಪತ್ರವಲ್ಲ. ಆ ಸ್ಥಾನದಲ್ಲಿ ಆ ಕೆಲಸವನ್ನು ಮಾಡಿ ಮಾಡಿ, ಕಡೆಗೆ ಅಲ್ಲಿ ಕಾಲಿಟ್ಟೊಡನೆಯೇ ಮನಸ್ಸು ಆ ಕೆಲಸಕ್ಕೆ ಅಣಿಯಾಗುತ್ತದೆ. ಸಂಕಲ್ಪದ ಅರ್ಧಭಾರವನ್ನು ಸ್ಥಾನವೇ ಹೊತ್ತುಕೊಳ್ಳುತ್ತದೆಂದು ಹೇಳಿದರೆ ತಪ್ಪಾಗಲಾರದು.

ಕಾಸರಗೋಡು ಸೀಮೆಯ ಹಳೆಯ ಮುರಕಲ್ಲಿನ ಮನೆಗಳಲ್ಲಿಯೂ ಇದೇ ಕ್ರಮವಿತ್ತು. ಅಂಗಳ, ತುಳಸಿಕಟ್ಟೆ, ಜಗಲಿ, ಚಾವಡಿ, ಒಳಗೆ ದೇವರ ಕೋಣೆ, ಹಿಂದೆ ಅಡುಗೆಮನೆ, ಅದರಾಚೆ ಬಚ್ಚಲು, ಹಟ್ಟಿ. ವರ್ಷಕ್ಕೆ ಸುಮಾರು 3500 ಮಿಲಿಮೀಟರು ಮಳೆ ಸುರಿಯುವ ನಾಡಿನಲ್ಲಿ ಮಾಡಿನ ಇಳಿಜಾರು ಜಗಲಿಯಿಂದ ಎರಡು ಮೊಳ ಹೊರಚಾಚಿರುತ್ತಿತ್ತು. ಆಟಿಯ ಜಡಿಮಳೆಯಲ್ಲಿಯೂ ಕಿಟಕಿ ತೆರೆದಿರಬಹುದಾಗಿತ್ತು. ಹಾಗೆಂದು ಹಳೆಯ ಮನೆಗಳಲ್ಲಿ ಎಲ್ಲವೂ ಚೆನ್ನಾಗಿತ್ತೆಂದು ನಾನು ಹೇಳುತ್ತಿಲ್ಲ. ಅಡುಗೆಮನೆಯ ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡು ಕೆಮ್ಮುತ್ತ ಆಯುಷ್ಯವನ್ನು ಸವೆಸಿದ ಹೆಂಗಸರನ್ನು ಕೇಳಿದರೆ ಆ ವೈಭವದ ಇನ್ನೊಂದು ಮುಖವು ತಿಳಿದೀತು.

ಇಂದಿನ ಗೃಹನಿರ್ಮಾಣದಲ್ಲಿ ವಾಸ್ತುವಿನ ಹೆಸರು ಹೆಚ್ಚಾಗಿಯೇ ಕೇಳಿಬರುತ್ತಿದೆ. ಅದರೊಡನೆ ಭೀತಿಯೂ ಹೆಚ್ಚುತ್ತಿದೆ. ಮಗನಿಗೆ ಉದ್ಯೋಗ ದೊರೆಯಲಿಲ್ಲವೆಂದು ಅಡುಗೆಮನೆಯನ್ನು ಒಡೆದವರುಂಟು. ಒಡೆಯುವುದಕ್ಕಾಗಿ ಸಾಲ ಮಾಡಿದವರೂ ಉಂಟು. ವರಾಹಮಿಹಿರನು ‘ಬೃಹತ್ಸಂಹಿತೆ’ಯಲ್ಲಿ ಈಶಾನ್ಯಕ್ಕೆ ದೇವಗೃಹವನ್ನೂ ಆಗ್ನೇಯಕ್ಕೆ ಅಡುಗೆಮನೆಯನ್ನೂ ಹೇಳಿದ್ದಾನೆ, ನಿಜ. ಆದರೆ ನಮ್ಮ ನೆರೆಯ ಮಲೆಯಾಳಿ ತರವಾಡುಗಳಲ್ಲಿ ದೀಪವಿಡುವ ಪ್ರಧಾನ ಸ್ಥಾನಕ್ಕೆ ‘ಪಡಿಞ್ಞಾಟ್ಟ’ವೆಂದು ಹೆಸರು, ಎಂದರೆ ಪಡುವಣ ಕೋಣೆ. ಒಂದೆಡೆ ಈಶಾನ್ಯ, ಇನ್ನೊಂದೆಡೆ ಪಶ್ಚಿಮ. ಇಬ್ಬರ ಮನೆಗಳಲ್ಲಿಯೂ ದೇವರು ಪ್ರಸನ್ನನಾಗಿಯೇ ಇದ್ದಾನೆ. ಎರಡು ಕ್ರಮಗಳಲ್ಲಿಯೂ ಸಮಾನವಾದುದು ಯಾವುದೆಂದರೆ, ದೀಪಕ್ಕೆ ನಿಶ್ಚಿತವಾದ ಒಂದು ಸ್ಥಾನವಿರುವುದು, ಮತ್ತು ಆ ಸ್ಥಾನವನ್ನು ಬೇರೊಂದು ಕೆಲಸಕ್ಕೆ ಬಿಟ್ಟುಕೊಡದಿರುವುದು. ಕಟ್ಟಿರುವ ಗೋಡೆಯನ್ನು ಒಡೆಯುವ ಮೊದಲು ಇಷ್ಟನ್ನು ಪಾಲಿಸಿ ನೋಡಿದರೆ ಹಣವಾದರೂ ಉಳಿದೀತು.

ದೇವರ ಕೋಣೆಯನ್ನು ಅಮೃತಶಿಲೆಯಿಂದ ಅಲಂಕರಿಸಿ, ಅದರ ಮುಂದೆ ಒಬ್ಬನು ಮಾತ್ರ ನಿಲ್ಲುವಷ್ಟು ಎಡೆಯನ್ನು ಬಿಡುವ ಪದ್ಧತಿಯೊಂದು ಹೊಸದಾಗಿ ಬಂದಿದೆ. ಮನೆಯವರೆಲ್ಲರೂ ಸಂಜೆ ದೀಪ ಹೊತ್ತಿಸಿ ಭಜನೆಗೆ ಕುಳಿತುಕೊಳ್ಳಬೇಕಾದರೆ ನೆಲದಲ್ಲಿ ಎರಡು ಚಾಪೆ ಹಾಸುವಷ್ಟಾದರೂ ಸ್ಥಳ ಬೇಕು. ಕೋಣೆ ಚಿಕ್ಕದಾದರೂ ಬಾಧಕವಿಲ್ಲ; ಅದರ ಬಾಗಿಲು ಚಾವಡಿಗೆ ತೆರೆದಿರತಕ್ಕದ್ದು. ಆಗ ಚಾವಡಿಯೇ ನಮಸ್ಕಾರಮಂಟಪವಾಗುತ್ತದೆ. ದೂರದರ್ಶನದ ಪೆಟ್ಟಿಗೆಯನ್ನು ದೇವರ ಬಾಗಿಲಿಗೆ ಎದುರಾದ ಗೋಡೆಯಲ್ಲಿ ತೂಗುಹಾಕಿದ ಮನೆಗಳನ್ನು ಕಂಡಿದ್ದೇನೆ. ಅಲ್ಲಿ ಕುಳಿತವರ ಬೆನ್ನು ಯಾವ ಕಡೆಗಿರುತ್ತದೆಂಬುದನ್ನು ವಿವರಿಸಬೇಕಾಗಿಲ್ಲ.

ಚಾವಡಿಯ ವಿಚಾರವನ್ನು ಕೊಂಚ ವಿಸ್ತರಿಸಿಯೇ ಹೇಳಬೇಕು. 1956ನೆಯ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನಿಂದ ಕಚೇರಿಯ ಭಾಷೆ ಒಂದು, ಮನೆಯ ಭಾಷೆ ಇನ್ನೊಂದು ಎಂಬ ಸ್ಥಿತಿಯಲ್ಲಿ ಎರಡು ಮೂರು ತಲೆಮಾರುಗಳು ಬಾಳಿವೆ. ಮಲೆಯಾಳವು ನಮಗೆ ಪರಕೀಯವಲ್ಲ. ನೆರೆಯವರ ಮಾತು, ಸಂತೆಯ ಮಾತು, ಎಷ್ಟೋ ಮನೆಗಳಲ್ಲಿ ಸೊಸೆಯಂದಿರ ತವರಿನ ಮಾತು. ಎರಡನ್ನೂ ಬಲ್ಲವನು ಭಾಗ್ಯಶಾಲಿಯೇ ಸರಿ. ಆದರೆ ಕನ್ನಡವನ್ನು ಗಟ್ಟಿಯಾಗಿ ಓದುವ ಸ್ಥಾನವು ಮಗುವಿಗೆ ಎಲ್ಲಿದೆ? ಹಿಂದೆ ಅದು ಚಾವಡಿಯಲ್ಲಿತ್ತು. ಆಟಿಯ ತಿಂಗಳಲ್ಲಿ ಯಕ್ಷಗಾನದ ಮೇಳಗಳಿಗೆ ಬಿಡುವಾದಾಗ ದೊಡ್ಡ ಮನೆಗಳ ಚಾವಡಿಗಳಲ್ಲಿ ತಾಳಮದ್ದಳೆಯು ನಡೆಯುತ್ತಿತ್ತು. ವೇಷವಿಲ್ಲ, ರಂಗಸ್ಥಳವಿಲ್ಲ, ಭಾಗವತರ ಹಾಡು, ಮದ್ದಳೆಯ ನಾದ, ಅರ್ಥಧಾರಿಗಳ ವಾದ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಲ್ಲಿ ವಾಲಿಯ ಪ್ರಶ್ನೆಗೆ ರಾಮನು ಕೊಡುವ ಉತ್ತರವನ್ನು ಕಂಬಕ್ಕೆ ಒರಗಿ ಕುಳಿತ ಬಾಲಕನು ಆಲಿಸುತ್ತಿದ್ದನು. ಶಾಲೆಯ ಪಾಠದಲ್ಲಿ ದೊರೆಯದ ಪದಸಂಪತ್ತು ಅವನಿಗೆ ಹಾಗೆ ದೊರೆಯುತ್ತಿತ್ತು. ಬೇರೆ ದಿನಗಳಲ್ಲಿ ಭಾರತವಾಚನ, ಅದೂ ಇಲ್ಲದಿದ್ದರೆ ಅಜ್ಜನು ವರ್ತಮಾನಪತ್ರಿಕೆಯನ್ನು ನಾಲ್ವರಿಗೆ ಕೇಳುವಂತೆ ಓದುವುದು.

ಆ ಚಾವಡಿಯು ಪಾಲಿನಲ್ಲಿ ಎರಡಾಗಿ ನಡುವೆ ಗೋಡೆಯೆದ್ದಾಗ ಅಥವಾ ಹೊಸ ಮನೆಯಲ್ಲಿ ಸೋಫಾಗಳಿಂದ ತುಂಬಿದಾಗ, ಈ ವಿದ್ಯೆಯು ಯಾರ ಗಮನಕ್ಕೂ ಬಾರದೆ ಅಲ್ಲಿಂದ ಎದ್ದುಹೋಯಿತು. ಯಾರೂ ಅದನ್ನು ನಿಲ್ಲಿಸಲಿಲ್ಲ. ಕುಳಿತುಕೊಳ್ಳಲು ಸ್ಥಳವಿಲ್ಲದಾಯಿತು, ಅಷ್ಟೇ. ನನ್ನ ಪರಿಚಯದ ಒಂದು ಮನೆಯವರು ಹೊಸ ಕಟ್ಟಡದ ನಕ್ಷೆಯಲ್ಲಿ ವಾಹನಕ್ಕೆಂದು ಮೀಸಲಿಟ್ಟ ಮುಂಭಾಗವನ್ನು ಒಂದು ಮೊಳ ಎತ್ತರಿಸಿ, ಕೆಂಪು ಗಾರೆ ಹಾಕಿಸಿ, ಜಗಲಿಯನ್ನಾಗಿ ಮಾಡಿಕೊಂಡರು. ವಾಹನವು ತೆಂಗಿನ ಮರದ ಬುಡದಲ್ಲಿ ತಗಡಿನ ಮಾಡಿನ ಕೆಳಗೆ ನಿಂತಿದೆ. ಶನಿವಾರ ಸಂಜೆ ಆ ಜಗಲಿಯಲ್ಲಿ ನೆರೆಯ ಐದಾರು ಮಕ್ಕಳು ಸೇರುತ್ತಾರೆ; ಅವರಲ್ಲಿ ಇಬ್ಬರು ಮಲೆಯಾಳ ಮಾಧ್ಯಮದವರು. ಅಜ್ಜಿಯು ಕಥೆ ಓದಿ ಹೇಳುತ್ತಾರೆ.

ವಿದ್ಯಾರ್ಥಿಗೂ ಒಂದು ಮೂಲೆ ಬೇಕು. ಪ್ರತ್ಯೇಕ ಕೋಣೆಯೇ ಆಗಬೇಕೆಂಬ ನಿಯಮವಿಲ್ಲ. ಒಂದು ಮೇಜು, ಬಲಗೈಯಲ್ಲಿ ಬರೆಯುವವನಾದರೆ ಎಡಗಡೆಯಿಂದ ಬೆಳಕು, ಕೈಗೆಟಕುವಂತೆ ಪುಸ್ತಕಗಳು. ಮೊಬೈಲಿಗೆ ವಿದ್ಯುತ್ತನ್ನು ತುಂಬುವ ಸ್ಥಾನವು ಆ ಮೂಲೆಯಿಂದ ದೂರದಲ್ಲಿ, ಸಾಧ್ಯವಾದರೆ ಚಾವಡಿಯಲ್ಲಿಯೇ ಇರಲಿ. ಎದ್ದುಹೋಗಿ ತರಬೇಕಾದ ವಸ್ತುವಿನ ಆಕರ್ಷಣೆಯು ಕೈಯಳತೆಯಲ್ಲಿರುವುದಕ್ಕಿಂತ ಕಡಿಮೆ ಎಂಬುದು ದೊಡ್ಡವರಿಗೂ ಅನುಭವಸಿದ್ಧ. ಪುಸ್ತಕದ ಕಪಾಟನ್ನು ಮಳೆ ಬಡಿಯುವ ಪಡುವಣ ಹೊರಗೋಡೆಗೆ ತಾಗಿಸಬಾರದು. ಎರಡು ಮಳೆಗಾಲಗಳಲ್ಲಿ ಬೂಷ್ಟು ಹಿಡಿಯುತ್ತದೆ. ಒಳಗೋಡೆಗೆ, ಅದೂ ನಾಲ್ಕು ಬೆರಳು ಬಿಟ್ಟು ನಿಲ್ಲಿಸಿದರೆ ಗಾಳಿಯಾಡುತ್ತದೆ. ಮಂಜೇಶ್ವರದ ಗೋವಿಂದ ಪೈಗಳು (1883–1963) ಯಾವ ವಿಶ್ವವಿದ್ಯಾಲಯದ ಪೀಠವನ್ನೂ ಏರದೆ, ಮನೆಯಲ್ಲಿ ಪುಸ್ತಕಗಳ ನಡುವೆ ಕುಳಿತೇ ಅನೇಕ ಭಾಷೆಗಳನ್ನು ಸಾಧಿಸಿ, ಕಾವ್ಯವನ್ನೂ ಇತಿಹಾಸ ಸಂಶೋಧನೆಯನ್ನೂ ನಡೆಸಿದವರು. ಕಡಲ ಗಾಳಿಯ ತೇವವು ಅವರ ಮನೆಗೂ ಇತ್ತು.

ಅಡುಗೆಮನೆಯ ವಿಷಯವಾಗಿ ಒಂದೇ ಮಾತು. ದೇವಾಲಯದಲ್ಲಿ ವಿಗ್ರಹ, ದ್ವಾರ, ಗರ್ಭಗೃಹಗಳು ಒಂದಕ್ಕೊಂದು ಪ್ರಮಾಣಬದ್ಧವಾಗಿರುತ್ತವೆ. ಅಡುಗೆಯ ಕಟ್ಟೆಯ ಎತ್ತರವು ಯಾರ ಪ್ರಮಾಣದಲ್ಲಿದೆ? ಬಹುಮಟ್ಟಿಗೆ ಮೇಸ್ತ್ರಿಯ ವಾಡಿಕೆಯ ಪ್ರಮಾಣದಲ್ಲಿ. ಅದು ಅಡುಗೆ ಮಾಡುವವರ ಮೊಣಕೈಗಿಂತ ನಾಲ್ಕು ಬೆರಳು ಕೆಳಗಿದ್ದರೆ ಬೆನ್ನಿಗೂ ಭುಜಕ್ಕೂ ಸುಖ. ಗಾರೆ ಹಾಕುವ ಮೊದಲು ಮನೆಯಾಕೆಯನ್ನು ಅಲ್ಲಿ ಒಮ್ಮೆ ನಿಲ್ಲಿಸಿ ಅಳೆಯುವುದಕ್ಕೆ ಯಾವ ಮುಹೂರ್ತವೂ ಬೇಡ.

ವೃದ್ಧರ ಕೋಣೆಯನ್ನು ಮನೆಯ ಹಿಂಭಾಗದಲ್ಲಿ, “ಶಾಂತವಾಗಿರಲಿ” ಎಂಬ ನೆವದಿಂದ ಇಡುವುದು ನನಗೆ ಒಪ್ಪಿಗೆಯಿಲ್ಲ. ಶಾಂತಿಯು ಅವರಿಗೆ ಬೇಕಾದುದಕ್ಕಿಂತ ಹೆಚ್ಚಾಗಿಯೇ ಇರುತ್ತದೆ. ಅವರಿಗೆ ಬೇಕಾದುದು ದಾರಿ ಕಾಣುವ ಕಿಟಕಿ, ಬಂದವರೊಡನೆ “ಯಾವಾಗ ಬಂದಿರಿ?” ಎಂದು ಕೇಳುವ ಅವಕಾಶ, ಮಲಗಿದಲ್ಲಿಂದಲೇ ದೇವರ ದೀಪದ ದರ್ಶನ. ಬಚ್ಚಲಿಗೆ ಹೋಗುವ ಹಾದಿಯಲ್ಲಿ ಹೊಸ್ತಿಲಿರಬಾರದು, ಗೋಡೆಗೆ ಹಿಡಿಯುವ ಸರಳು ಇರಬೇಕು, ನೆಲವು ಜಾರುವಂತಿರಬಾರದು. ನುಣುಪಾದ ಹೊಳೆಯುವ ನೆಲವನ್ನು ನೆಂಟರು ಹೊಗಳುತ್ತಾರೆ. ಅದರ ಮೇಲೆ ಬಿದ್ದು ತೊಡೆಯೆಲುಬನ್ನು ಮುರಿದುಕೊಳ್ಳುವವರು ಮಾತ್ರ ಮನೆಯ ಹಿರಿಯರು.

ಇದೆಲ್ಲವೂ ಅಡಕೆತೋಟವುಳ್ಳವರಿಗೆ ಸರಿ, ಐದು ಸೆಂಟ್ಸ್ ಜಾಗದಲ್ಲಿ ನಾನೂರು ಚದರಡಿಯ ಮನೆ ಕಟ್ಟುವವರು ಏನು ಮಾಡಬೇಕು ಎಂದು ವಾಚಕರು ಕೇಳಬಹುದು. ಪ್ರಶ್ನೆಯು ನ್ಯಾಯವಾದುದೇ. ಸ್ಥಳವು ಕಡಿಮೆಯಾದಲ್ಲಿ ಕಾಲವನ್ನು ವಿಭಾಗಿಸಬೇಕು. ಒಂದೇ ಚಾವಡಿಯು ಸಂಜೆ ದೀಪ ಹೊತ್ತಿಸುವ ವೇಳೆಗೆ ಭಜನೆಯ ಸ್ಥಾನ, ಅನಂತರ ಓದಿನ ಸ್ಥಾನ, ರಾತ್ರಿ ಮಲಗುವ ಸ್ಥಾನ ಆಗಬಹುದು; ಚಾಪೆಯನ್ನು ಬದಲಿಸಿದರೆ ಸ್ಥಾನವೂ ಬದಲಾಗುತ್ತದೆ. ಓದಿಗೆ ಒಂದು ಚಾಪೆ, ಭಜನೆಗೆ ಬೇರೆ ಚಾಪೆ ಇರಲಿ. ದೇವರಿಗೆ ಕೋಣೆಯಿಲ್ಲದಿದ್ದರೆ ಗೋಡೆಯಲ್ಲಿ ಒಂದು ಗೂಡು ಸಾಕು. ಮುರಕಲ್ಲಿನ ಗೋಡೆಯಾದರೆ ಕಟ್ಟುವಾಗಲೇ ಒಂದು ಕಲ್ಲನ್ನು ಬಿಟ್ಟುಬಿಡುವಂತೆ ಮೇಸ್ತ್ರಿಗೆ ಹೇಳಬೇಕು. ಕುಳಿತವರ ಕಣ್ಣಿನ ಮಟ್ಟಕ್ಕೆ ಆ ಗೂಡಿರಲಿ, ಸಮೀಪದಲ್ಲಿ ಪರದೆಯ ಬಟ್ಟೆಯಾಗಲಿ ವಿದ್ಯುತ್ತಿನ ತಂತಿಯಾಗಲಿ ಬಾರದಿರಲಿ. ಎಣ್ಣೆಯ ಹೊಗೆ ಗೋಡೆಗೆ ಹತ್ತದಂತೆ ಗೂಡಿನ ಒಳಮೈಗೆ ಒಂದು ಹಂಚಿನ ತುಂಡನ್ನು ಕೂರಿಸಿದರೆ ವರ್ಷಕ್ಕೊಮ್ಮೆ ತೊಳೆದರೆ ಸಾಕಾಗುತ್ತದೆ.