ಹಳೆಯ ಅರದಿಂದ ಹೊಸ ಚಾಕು

ಗುಜರಿ ಅಂಗಡಿಯಲ್ಲಿ ತೂಕಕ್ಕೆ ಮಾರುವ ವಸ್ತುಗಳಲ್ಲಿ ಹಲ್ಲು ಸವೆದ ಅರವೂ ಒಂದು. ಸವೆದದ್ದು ಹಲ್ಲು ಮಾತ್ರ; ಒಳಗಿನ ಉಕ್ಕು ಮೊದಲಿನಂತೆಯೇ ಇದೆ. ಇಂಥದೊಂದು ಅರ, ಹಳೆಯ ಚಪ್ಪಲಿಯ ತೊಗಲಿನ ಅಟ್ಟೆ, ಬಡಗಿಯ ಬಳಿ ಉಳಿದ ಬೀಟೆಮರದ ಚೂರುಗಳು, ಎರಡು ಹಿತ್ತಾಳೆಯ ಬಿಲ್ಲೆಗಳು - ಇವಿಷ್ಟರಿಂದ ಹಣ್ಣು ತರಕಾರಿ ಹೆಚ್ಚುವ ಒಳ್ಳೆಯ ಚಾಕುವೊಂದನ್ನು ಮಾಡಬಹುದು. ಕಾಂತತೆ, ಉಷ್ಣ, ಬೆಳಕು, ಘರ್ಷಣೆ ಎಂದು ಪಠ್ಯಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯಗಳಲ್ಲಿ ನಾವು ಓದುವ ವಿಷಯಗಳು ಈ ಒಂದೇ ಕೆಲಸದಲ್ಲಿ ಒಟ್ಟುಗೂಡುತ್ತವೆ. ಆ ಬಗೆಯನ್ನು ಈಗ ವಿಚಾರಮಾಡೋಣ.

ಉಕ್ಕಿನ ಆಯ್ಕೆ

ಉಕ್ಕಿನ ಗುಣವನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದರಲ್ಲಿರುವ ಅಲ್ಪ ಪ್ರಮಾಣದ ಇಂಗಾಲ. ಕಿಟಕಿಯ ಸರಳಿನಂಥ ಮೆದು ಉಕ್ಕಿನಲ್ಲಿ ಇಂಗಾಲವು ನೂರಕ್ಕೆ 0.25 ಭಾಗಕ್ಕಿಂತ ಕಡಿಮೆ; ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಸುಮಾರು 0.6 ಭಾಗ, ಒಳ್ಳೆಯ ಅರದಲ್ಲಿ ಒಂದು ಭಾಗಕ್ಕೂ ಮೇಲೆ. ಮೊದಲನೆಯದನ್ನು ಎಷ್ಟು ಕಾಯಿಸಿ ಅದ್ದಿದರೂ ಅಲಗಿಗೆ ಬೇಕಾದ ಗಡಸುತನ ಬರಲಾರದು. ಕೆಲವು ಅಗ್ಗದ ಅರಗಳಲ್ಲಿ ಮೇಲ್ಪದರಕ್ಕೆ ಮಾತ್ರ ಇಂಗಾಲವನ್ನು ಸೇರಿಸಿರುತ್ತಾರೆ. ಆದುದರಿಂದ ಪರೀಕ್ಷೆ ಅಗತ್ಯ. ಕಣ್ಣಿಗೆ ರಕ್ಷಣೆಯ ಕನ್ನಡಕ ಧರಿಸಿ, ಮೇಲ್ಪದರವನ್ನು ಸವೆಸಿದ ಮೇಲೆ ಅರವನ್ನು ತಿರುಗುವ ಸಾಣೆಗೆ ಹಿಡಿಯಬೇಕು. ಕಿಡಿಗಳು ಕವಲೊಡೆದು ನಕ್ಷತ್ರಗಳಂತೆ ದಟ್ಟವಾಗಿ ಸಿಡಿದರೆ ಇಂಗಾಲ ಹೇರಳವಾಗಿದೆಯೆಂದು ಅರ್ಥ. ಕವಲುಗಳು ವಿರಳವಾಗಿ, ಉದ್ದನೆಯ ಗೆರೆಗಳಷ್ಟೇ ಕಂಡರೆ ಅದು ಮೆದು ಉಕ್ಕು.

ಮೆದುಮಾಡುವುದು

ಗಡಸಾದ ಅರವನ್ನು ಉಜ್ಜಿ ರೂಪಿಸಲು ಬಾರದು. ಕುಲುಮೆಯಲ್ಲಿ ಅದನ್ನು ಕೆಂಪಗೆ ಕಾಯಿಸಿ, ಒಣ ಬೂದಿಯಲ್ಲಿ ಹೂತು, ಇಡೀ ರಾತ್ರಿ ಮೆಲ್ಲಗೆ ಆರಲು ಬಿಡಬೇಕು. ಎಷ್ಟು ಕಾಯಿಸಬೇಕೆಂಬುದನ್ನು ನುರಿತ ಕಮ್ಮಾರನು ಬಣ್ಣದಿಂದಲೇ ತಿಳಿಯುತ್ತಾನೆ. ನಮಗೆ ಅಯಸ್ಕಾಂತವೇ ಸಾಕು. ಈ ಉಕ್ಕು ಸುಮಾರು 730 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅದರ ಪರಮಾಣುಗಳ ಜೋಡಣೆಯೇ ಬದಲಾಗುತ್ತದೆ. ಆಸ್ಟೆನೈಟ್ ಎಂಬ ಈ ಹೊಸ ಜೋಡಣೆಯಲ್ಲಿ ಇಂಗಾಲವು, ನೀರಿನಲ್ಲಿ ಉಪ್ಪಿನಂತೆ, ಕಬ್ಬಿಣದೊಳಗೆ ಕರಗುತ್ತದೆ. ಅಯಸ್ಕಾಂತವು ಅದನ್ನು ಸೆಳೆಯುವುದಿಲ್ಲ. ಶುದ್ಧ ಕಬ್ಬಿಣದ ಕಥೆ ಬೇರೆ. ಜೋಡಣೆ ಬದಲಾಗುವುದಕ್ಕೆ ಮುನ್ನವೇ, 770 ಡಿಗ್ರಿಯಲ್ಲಿ, ಅದು ಕಾಂತಗುಣವನ್ನು ಕಳೆದುಕೊಳ್ಳುತ್ತದೆ. ಈ ಉಷ್ಣತೆಗೆ ಪಿಯೇರ್ ಕ್ಯೂರಿಯವರ ಹೆಸರಿದೆ.

ಮೆದುವಾದ ಉಕ್ಕನ್ನು ಇನ್ನೊಂದು ಅರದಿಂದ ಉಜ್ಜಿ ಹತ್ತು ಸೆಂಟಿಮೀಟರ್ ಉದ್ದದ ಅಲಗನ್ನೂ, ಹಿಡಿಯೊಳಗೆ ಸೇರುವ ಕಿರಿದಾದ ಬಾಲವನ್ನೂ ರೂಪಿಸಬೇಕು. ಬಾಲದ ತುದಿಯಲ್ಲಿ ನಟ್ಟಿಗೆ ತಕ್ಕ ಸುತ್ತುಗಳನ್ನು ಈಗಲೇ ಕೊರೆಯಬೇಕು. ಅಲಗು ಬಾಲಕ್ಕೆ ಸೇರುವ ಮೂಲೆ ಚೂಪಾಗಿರಬಾರದು. ಅಲ್ಲಿ ಬಲವೆಲ್ಲ ಒಂದೇ ರೇಖೆಯಲ್ಲಿ ಕೇಂದ್ರೀಕರಿಸಿ, ಚಾಕು ಕೈಯಲ್ಲಿರುವಾಗಲೇ ಮುರಿಯಬಹುದು. ಮೂಲೆಯನ್ನು ದುಂಡಗೆ ಮಾಡಿದರೆ ಬಲವು ಹಂಚಿಹೋಗುತ್ತದೆ. ಬಾಯಿಯನ್ನು ಇನ್ನೂ ಹರಿತಮಾಡದೆ ಒಂದು ಮಿಲಿಮೀಟರ್ ದಪ್ಪ ಉಳಿಸಬೇಕು.

ಗಡಸುಮಾಡುವುದು

ಅಲಗನ್ನು ಅಯಸ್ಕಾಂತ ಸೆಳೆಯದಿರುವವರೆಗೆ ಮತ್ತೆ ಕಾಯಿಸಿ, ತುಸು ಬೆಚ್ಚಗಿರುವ ಕಡಲೆಕಾಯಿ ಎಣ್ಣೆಯಲ್ಲಿ ನೆಟ್ಟಗೆ ಅದ್ದಬೇಕು. ಥಟ್ಟನೆ ತಣ್ಣಗಾದಾಗ, ಕರಗಿದ್ದ ಇಂಗಾಲಕ್ಕೆ ಹೊರಬರಲು ಅವಕಾಶ ದೊರೆಯದು. ಸೆರೆಸಿಕ್ಕ ಆ ಪರಮಾಣುಗಳು ಕಬ್ಬಿಣದ ಜೋಡಣೆಯನ್ನು ಹಿಗ್ಗಿಸಿ ಬಿಗಿಗೊಳಿಸುತ್ತವೆ. ಜರ್ಮನಿಯ ಆಡಾಲ್ಫ್ ಮಾರ್ಟೆನ್ಸ್ ಅವರ ಸ್ಮರಣಾರ್ಥ ಈ ಸ್ಥಿತಿಗೆ ಮಾರ್ಟೆನ್‌ಸೈಟ್ ಎಂದು ಹೆಸರಿಟ್ಟಿದ್ದಾರೆ.

ನೀರಿನಲ್ಲಿಯೇ ಅದ್ದಬಾರದೇಕೆ? ಚೆನ್ನಾಗಿ ಕಾದ ದೋಸೆಕಲ್ಲಿನ ಮೇಲೆ ಚಿಮುಕಿಸಿದ ನೀರಿನ ಹನಿಗಳು ಒಡನೆ ಆವಿಯಾಗದೆ ಕುಣಿಯುವುದನ್ನು ನಾವೆಲ್ಲ ನೋಡಿದ್ದೇವೆ. ಹನಿಯ ಕೆಳಗಿನ ಆವಿಯ ಪದರವು ಶಾಖವನ್ನು ತಡೆಯುತ್ತದೆ. 1756ರಲ್ಲಿ ಲೈಡನ್‌ಫ್ರಾಸ್ಟ್ ಎಂಬಾತ ಇದನ್ನು ವಿವರಿಸಿದನು. ನೀರಿನಲ್ಲಿ ಅದ್ದಿದ ಅಲಗಿನ ಸುತ್ತಲೂ ಇಂಥ ಪದರ ಏಳುತ್ತದೆ. ಅದು ಒಂದೆಡೆ ಹರಿದು ಇನ್ನೊಂದೆಡೆ ಉಳಿದರೆ ಅಲಗು ಒಂದೇ ಸಮನಾಗಿ ಆರದೆ ಸೊಟ್ಟಗಾಗುತ್ತದೆ, ಇಲ್ಲವೆ ಬಿರಿಯುತ್ತದೆ. ಎಣ್ಣೆಯಲ್ಲಿ ಅಲಗು ನೀರಿಗಿಂತ ನಿಧಾನವಾಗಿ ಆರುವುದರಿಂದ ಈ ಅಪಾಯ ಕಡಿಮೆ. ಆದರೆ ಎಣ್ಣೆಗೆ ಉರಿ ಹತ್ತಬಹುದು. ಲೋಹದ ಪಾತ್ರೆ, ಬಿಗಿಯಾದ ಮುಚ್ಚಳ, ಪಕ್ಕದಲ್ಲಿ ಅನುಭವಸ್ಥ ಕಮ್ಮಾರ - ಈ ಮೂರಿಲ್ಲದೆ ವಿದ್ಯಾರ್ಥಿಗಳು ಇದಕ್ಕೆ ಕೈಹಾಕಕೂಡದು.

ಹದಗೊಳಿಸುವುದು

ಈಗ ಅಲಗಿನ ಮೇಲೆ ಅರವು ಗಾಜಿನ ಮೇಲೆ ಜಾರುವಂತೆ ಜಾರುತ್ತದೆ. ಆದರೆ ಗಾಜಿನ ದೋಷವೂ ಅದಕ್ಕೆ ಬಂದಿದೆ. ಕೆಳಗೆ ಬಿದ್ದರೆ ಒಡೆಯಬಹುದು. ಗಡಸುತನದ ಒಂದಂಶವನ್ನು ಬಿಟ್ಟುಕೊಟ್ಟು ತಾಳಿಕೆಯನ್ನು ಪಡೆಯುವುದೇ ಹದ. ಅಲಗನ್ನು ಉಜ್ಜಿ ಹೊಳಪಿಸಿ, ಕಾದ ದಪ್ಪ ಕಬ್ಬಿಣದ ಹಲಗೆಯ ಮೇಲೆ ಬೆನ್ನು ಕೆಳಗಾಗಿ ಹಿಡಿದರೆ ಬಣ್ಣಗಳು ಬೆನ್ನಿನಿಂದ ಬಾಯಿಯ ಕಡೆಗೆ ಹರಿದುಬರುತ್ತವೆ. ಸುಮಾರು 220 ಡಿಗ್ರಿಯಲ್ಲಿ ಒಣಹುಲ್ಲಿನ ಹಳದಿ, 255ರಲ್ಲಿ ಕಂದು, 280ರಲ್ಲಿ ನೇರಳೆ, 300ರಲ್ಲಿ ನೀಲಿ. ಇವು ಲೋಹದ ಸ್ವಂತ ಬಣ್ಣಗಳಲ್ಲ. ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗಕ್ಕಿಂತಲೂ ತೆಳುವಾದ ಆಕ್ಸೈಡ್ ಪೊರೆಯ ಎರಡು ಮೈಗಳಿಂದ ಮರಳುವ ಬೆಳಕಿನ ವ್ಯತಿಕರಣವೇ ಇವಕ್ಕೆ ಕಾರಣ. ಮಳೆನೀರಿನ ಮೇಲೆ ತೇಲುವ ಎಣ್ಣೆಯ ಬಣ್ಣಗಳೂ ಇದೇ ಬಗೆಯವು. ಬಾಯಿಗೆ ಹಳದಿ ಬಂದೊಡನೆ ಅಲಗನ್ನು ನೀರಿಗೆ ಅದ್ದಿ ಶಾಖವನ್ನು ನಿಲ್ಲಿಸಬೇಕು. ಬೆನ್ನು ಅಷ್ಟರಲ್ಲಿ ನೀಲಿಗೆ ತಿರುಗಿದ್ದರೆ ಒಳ್ಳೆಯದೇ. ಅಲ್ಲಿ ಬೇಕಾದುದು ತಾಳಿಕೆ. ಬಾಲಕ್ಕೂ ನೀಲಿಯವರೆಗೆ ಶಾಖ ಕೊಡಬೇಕು.

ಬಿಲ್ಲೆಗಳ ಹಿಡಿ

ತೊಗಲನ್ನೂ ಮರವನ್ನೂ ಬಿಲ್ಲೆಗಳಾಗಿ ಕತ್ತರಿಸಿ, ನಡುವೆ ಬಾಲದ ಆಕಾರಕ್ಕೆ ಸರಿಯಾದ ಚೌಕ ರಂಧ್ರ ಮಾಡಿ, ಒಂದಾದ ಮೇಲೊಂದರಂತೆ ಪೋಣಿಸಬೇಕು. ಮೊದಲಲ್ಲೊಂದು, ಕೊನೆಯಲ್ಲೊಂದು ಹಿತ್ತಾಳೆಯ ಬಿಲ್ಲೆ. ಅವು ಒತ್ತಡವನ್ನು ಸಮನಾಗಿ ಹಂಚುತ್ತವೆ. ತುದಿಯಲ್ಲಿ ನಟ್ಟು ಬಿಗಿಯಬೇಕು. ಫಿನ್ಲೆಂಡಿನವರು ಬರ್ಚ್ ಮರದ ತೊಗಟೆಯಿಂದ ಇದೇ ರೀತಿ ಹಿಡಿ ಮಾಡುತ್ತಾರೆ. 1942ರಲ್ಲಿ ಅಮೆರಿಕದ ಮೆರೀನ್ ಪಡೆ ಸ್ವೀಕರಿಸಿದ ಚಾಕುವಿನ ಹಿಡಿಯೂ ತೊಗಲ ಬಿಲ್ಲೆಗಳದೇ.

ಬಿಡಿಬಿಡಿ ಚೂರುಗಳು ಒಂದಾಗಿ ನಿಲ್ಲುವುದು ಹೇಗೆ? ಸಾಲಾಗಿಟ್ಟ ಹತ್ತು ಪುಸ್ತಕಗಳನ್ನು ಎರಡೂ ಕೊನೆಗಳಿಂದ ಒತ್ತಿಹಿಡಿದರೆ ಇಡೀ ಸಾಲನ್ನು ಎತ್ತಬಹುದಲ್ಲವೆ? ಒತ್ತಡ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚು. ಇಲ್ಲಿ ಬಾಲವು ಎಳೆತವನ್ನು ಹೊರುತ್ತದೆ, ಬಿಲ್ಲೆಗಳು ಒತ್ತಡವನ್ನು ಹೊರುತ್ತವೆ. ತೊಗಲು ಒತ್ತಡಕ್ಕೆ ಕ್ರಮೇಣ ಕುಗ್ಗುವುದರಿಂದ ಒಂದು ದಿನ ಬಿಟ್ಟು ನಟ್ಟನ್ನು ಮತ್ತೆ ಬಿಗಿಯಬೇಕು. ಒದ್ದೆ ತೊಗಲು ಒಣಗಿದಾಗ ಕುಗ್ಗಿ ಹಿಡಿ ಸಡಿಲವಾಗುತ್ತದೆ. ಆದುದರಿಂದ ಚೆನ್ನಾಗಿ ಒಣಗಿದ ತೊಗಲನ್ನೇ ಬಳಸಬೇಕು. ಆ ಮೇಲೆ ಹಿಡಿಯನ್ನು ಉಜ್ಜಿ ಕೈಗೊಪ್ಪುವಂತೆ ದುಂಡಗೆ ಮಾಡಿ, ಅಲಗನ್ನು ಸಾಣೆಕಲ್ಲಿನ ಮೇಲೆ ಮಸೆಯಬೇಕು.

ಕೊನೆಯ ಪರೀಕ್ಷೆ

ಹರಿತವಾದ ಬಾಯಿಯನ್ನು ಹಿತ್ತಾಳೆಯ ಸರಳಿನ ಮೇಲೆ ಓರೆಯಾಗಿಟ್ಟು ಮೆಲ್ಲಗೆ ಒತ್ತಿ ಎಳೆದು ನೋಡಬೇಕು. ಅಂಚು ತುಸು ಬಾಗಿ ಮತ್ತೆ ನೆಟ್ಟಗಾದರೆ ಹದ ಸರಿಯಾಗಿದೆ. ಅಂಚು ಚಕ್ಕೆಯೆದ್ದರೆ ಇನ್ನಷ್ಟು ಶಾಖ ಬೇಕು. ಬಾಗಿದ್ದು ಬಾಗಿದಂತೆಯೇ ಉಳಿದರೆ ಹಿಡಿಯನ್ನು ಬಿಚ್ಚಿ ಅಲಗನ್ನು ಮತ್ತೆ ಕುಲುಮೆಗೆ ಒಯ್ಯಬೇಕು. ಬೂದಿಯಲ್ಲಿ ಮೆದುವಾದದ್ದು, ಎಣ್ಣೆಯಲ್ಲಿ ಗಾಜಿನಂತಾದದ್ದು, ಹಳದಿಯ ಶಾಖದಲ್ಲಿ ಉಪಯುಕ್ತವಾದದ್ದು ಒಂದೇ ಉಕ್ಕು. ಅದರ ಗುಣವನ್ನು ತಿಳಿಯಲು ಅದು ಏನೆಂದು ಕೇಳಿದರೆ ಸಾಲದು. ಅದು ಎಷ್ಟು ಕಾದಿತು, ಎಷ್ಟು ಬೇಗ ಆರಿತು ಎಂಬುದನ್ನೂ ಕೇಳಬೇಕು.