ಬಾಯಿ ಮೆತ್ತಗಾಗಬೇಕಾದರೆ ಹಿಂಗಾಲು ನೋಡು

ನೋಡಮ್ಮ, ರೇಸ್‌ ಮುಗಿಸಿದ ಕುದುರೆ ನಿನ್ನ ಕೈಗೆ ಬಂದಿದೆ. ಲಗಾಮು ಹಿಡಿದಷ್ಟೂ ಎಳೆಯುತ್ತೆ, ಬಾಯಿ ಕಲ್ಲು ಅಂತ ದೂರುತ್ತೀಯ. ಥರೋಬ್ರೆಡ್ ಕುದುರೆ ಎರಡು ಮೂರು ವರ್ಷಕ್ಕೇ ಟ್ರ್ಯಾಕಿಗೆ ಇಳಿದಿರುತ್ತದೆ. ಜಾಕಿ ಲಗಾಮು ಬಿಗಿ ಹಿಡಿದಾಗ ಅದಕ್ಕೆ ಆತುಕೊಂಡು ಓಡುವುದು ಅಲ್ಲಿ ಕಲಿತ ಪಾಠ. ನೀನು ಎಳೆದಾಗ ಅದನ್ನೇ ಒಪ್ಪಿಸುತ್ತಿದೆ. ಈಗ ಬೇರೆ ಪಾಠ ಹೇಳಿಕೊಡಬೇಕು. ಅದು ಬಾಯಿಂದ ಶುರುವಾಗುವ ಪಾಠವಲ್ಲ.

ಮೊದಲು ಮೈಕಟ್ಟು ತಿಳಿದುಕೋ. ಸುಮ್ಮನೆ ನಿಂತ ಕುದುರೆಯ ಭಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಮುಂಗಾಲಿನ ಮೇಲಿರುತ್ತದೆ. ನೀನು ಕೂರುವ ಜಾಗವೂ ಮುಂಗಾಲಿಗೇ ಹತ್ತಿರ. ಭುಜವನ್ನು ಎದೆಗೆ ಬಿಗಿಯುವ ಕೊರಳೆಲುಬು ನಮಗಿದೆ, ಕುದುರೆಗಿಲ್ಲ. ಅದರ ಎದೆಗೂಡು ಎರಡು ಮುಂಗಾಲುಗಳ ನಡುವೆ ಮಾಂಸಖಂಡಗಳ ಆಸರೆಯಲ್ಲಿ ತೊಟ್ಟಿಲಿನಂತೆ ತೂಗಿಕೊಂಡಿದೆ. ಆ ಖಂಡಗಳು ಸೋತರೆ ಎದೆ ಕುಸಿದು, ಭಾರವೆಲ್ಲ ಮುಂದಕ್ಕೆ ಜಾರಿ, ಕುದುರೆ ನಿನ್ನ ಕೈಗೆ ಒರಗಿಕೊಳ್ಳುತ್ತದೆ. ಬಾಯಿ ಗಟ್ಟಿಯಾಗಿರುವುದು ಬಹುಪಾಲು ಸಮತೋಲ ಇಲ್ಲದ್ದಕ್ಕೆ. ಹಾಗಂತ ನೋವಿನ ಮಾತು ಮರೆಯಬೇಡ. ಹಲ್ಲು, ಬೆನ್ನು ವೈದ್ಯರಿಗೆ ತೋರಿಸು, ಜೀನು ಎಲ್ಲಾದರೂ ಒತ್ತುತ್ತಿದೆಯೇ ನೋಡು. ನೋಯುವ ಕುದುರೆಗೆ ಪಾಠ ಹತ್ತುವುದಿಲ್ಲ.

ಹೆಚ್ಚುವರಿ ಲಗಾಮು ಕಟ್ಟಿ ತಲೆ ಬಗ್ಗಿಸು ಅಂತ ಹೇಳುವವರು ಸಿಗುತ್ತಾರೆ. ಒಪ್ಪಬೇಡ. ಗದ್ದ ಎದೆಗೆ ತಾಗಿಸಿದ ಕುದುರೆ ನೋಡುವವರಿಗೆ ಮೆತ್ತಗೆ ಕಾಣುತ್ತದೆ, ಹಿಂಗಾಲು ಮಾತ್ರ ಹಿಂದೆಯೇ ಉಳಿದಿರುತ್ತದೆ. ಮೂಗುಪಟ್ಟಿಯನ್ನೂ ಬಿಗಿಯಬೇಡ, ಮೂಗಿನ ಮೂಳೆಯ ಮೇಲೆ ಎರಡು ಬೆರಳು ಸಲೀಸಾಗಿ ತೂರಬೇಕು. ದವಡೆ ಆಡದೆ ಬಾಯಿ ಮೆತ್ತಗಾಗುವುದು ಹೇಗೆ?

20 ಮೀಟರಿನ ವೃತ್ತದಲ್ಲಿ ನಡಿಗೆಯಿಂದ ಶುರುಮಾಡು. ಒಂದು ಸುತ್ತು ಆದ ಮೇಲೆ ಮರಳಿನಲ್ಲಿ ಹೆಜ್ಜೆಗುರುತು ನೋಡು. ಹಿಂಗಾಲಿನ ಗೊರಸು ಮುಂಗಾಲಿನ ಗುರುತನ್ನು ದಾಟಿ ಬಿದ್ದಿದ್ದರೆ ದಾರಿ ಸರಿಯಿದೆ. ಆಮೇಲೆ ಹತ್ತು ಹನ್ನೆರಡು ಹೆಜ್ಜೆಗೊಮ್ಮೆ ನಡಿಗೆಯಿಂದ ಟ್ರಾಟ್‌, ಟ್ರಾಟ್‌ನಿಂದ ನಡಿಗೆ. ನಿಧಾನಿಸಲು ಲಗಾಮು ಎಳೆಯಬೇಡ. ಬೆನ್ನು ನೆಟ್ಟಗೆ ಮಾಡಿ ಉಸಿರು ಬಿಡು, ಮೀನಖಂಡ ಹೊಟ್ಟೆಗೆ ತಾಗಿರಲಿ, ಹೊರಗಿನ ಲಗಾಮಿನ ಮೇಲೆ ಬೆರಳು ಒಂದು ಕ್ಷಣ ಮುಚ್ಚಿ ತಕ್ಷಣ ಬಿಡು. ಹಾಫ್-ಹಾಲ್ಟ್ ಅಂದರೆ ಇಷ್ಟೇ. ಕುದುರೆ ಕಲಿಯುವುದು ನೀನು ಬೆರಳು ಬಿಟ್ಟ ಗಳಿಗೆಯಲ್ಲಿ. ಬಿಡದೆ ಹಿಡಿದೇ ಇದ್ದರೆ ಒರಗಲು ಮತ್ತೆ ಗೋಡೆ ಕೊಟ್ಟಂತಾಯಿತು.

ಸಮತೋಲ ಸಿಕ್ಕಾಗ ಅದೇ ಹೇಳುತ್ತದೆ: ಒಂದು ಕಿವಿ ನಿನ್ನ ಕಡೆ ವಾಲುತ್ತದೆ, ದವಡೆ ಮೆಲ್ಲಗೆ ಆಡುತ್ತದೆ, ತುಟಿಯಂಚಲ್ಲಿ ತೆಳ್ಳಗೆ ನೊರೆ ಕಟ್ಟುತ್ತದೆ, ಮೂಗಿನಿಂದ ಉದ್ದನೆಯ ಉಸಿರು ಬರುತ್ತದೆ. ಆಗ ಒಳಗಿನ ಲಗಾಮನ್ನು ಎರಡು ಹೆಜ್ಜೆ ಪೂರ್ತಿ ಸಡಿಲಿಸಿ ನೋಡು. ವೇಗ ಏರದೆ, ವೃತ್ತ ಕೆಡದೆ ಹೋದರೆ ಅದು ತನ್ನ ಭಾರ ತಾನೇ ಹೊತ್ತಿದೆ ಎಂದು ತಿಳಿ.

ನಮಗೆ ಎಡಚ, ಬಲಚ ಇರುವಂತೆ ಕುದುರೆಗೂ ಒಂದು ಪಕ್ಕ ಬಿಗಿ. ಆ ಪಕ್ಕಕ್ಕೆ ಸ್ವಲ್ಪ ಸ್ವಲ್ಪವೇ, ಆದರೆ ಹೆಚ್ಚು ಸಲ ಕೆಲಸ ಕೊಡು. ವೃತ್ತ ಹದಕ್ಕೆ ಬಂದ ಮೇಲೆ ಶೋಲ್ಡರ್-ಇನ್ ಕಲಿಸು. ಭುಜ ಗೋಡೆಯಿಂದ ತುಸು ಒಳಗೆ ಬಂದು, ಒಳಗಿನ ಹಿಂಗಾಲು ಹೊರಗಿನ ಮುಂಗಾಲಿನ ಜಾಡಿನಲ್ಲಿ ಬೀಳಬೇಕು. ಫ್ರಾನ್ಸಿನ ಗೆರಿನಿಯೇರ್ ಇದನ್ನು 1733ರ ಹೊತ್ತಿಗೇ ಪುಸ್ತಕದಲ್ಲಿ ವಿವರಿಸಿದ್ದರು. ಹಿಂಗಾಲನ್ನು ಹೊಟ್ಟೆಯಡಿಗೆ ತರಲು ಇವತ್ತಿಗೂ ಅದೇ ಮದ್ದು.

ಬೇಲಿ ಹಾರುವ ಆಸೆ ನಿನಗಿದೆ, ಗೊತ್ತು. ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ ಈವೆಂಟಿಂಗ್‌ನಲ್ಲೂ ಮೊದಲು ಬರುವುದು ಡ್ರೆಸಾಜ್, ಅಂದರೆ ಇದೇ ಸಮತೋಲದ ಪರೀಕ್ಷೆ. ಕ್ರಾಸ್-ಕಂಟ್ರಿ, ಬೇಲಿ ಹಾರುವುದು ಆಮೇಲೆ.

ಅವಸರ ಮಾತ್ರ ಬೇಡ ಕಣಮ್ಮ. ಕುದುರೆಯ ಬೆನ್ನೆಲುಬು ಪೂರ್ತಿ ಬಲಿಯಲು ಐದಾರು ವರ್ಷ ಬೇಕು, ಹೊಸ ಸ್ನಾಯು ಕಟ್ಟಲು ತಿಂಗಳುಗಳು ಬೇಕು. ದಿನಕ್ಕೆ ಅರ್ಧ ಗಂಟೆ ಮನಸ್ಸಿಟ್ಟು ಮಾಡಿದರೆ ಸಾಕು, ನಡುನಡುವೆ ಲಗಾಮು ಉದ್ದ ಬಿಟ್ಟು ಕತ್ತು ಚಾಚಿಸು. ತಲೆ ಇನ್ನೂ ಬಾಗಿಲ್ಲವಲ್ಲ ಅಂತ ಯಾರಾದರೂ ಕೊಂಕು ತೆಗೆದರೆ ತಲೆ ಕೆಡಿಸಿಕೊಳ್ಳಬೇಡ. ಹಿಂಗಾಲು ಭಾರ ಹೊತ್ತ ದಿನ ತಲೆ ತನ್ನ ಜಾಗಕ್ಕೆ ತಾನೇ ಬರುತ್ತದೆ, ಅದನ್ನು ಎಳೆದು ಕೂರಿಸುವ ಕೆಲಸ ನಿನ್ನದಲ್ಲ.