ಅಡಿಕೆಯ ಹಾದಿ: ಪೂರೈಕೆಯ ಸರಪಳಿಯೂ ಸಂಸ್ಥೆಯ ಏಳಿಗೆಯೂ

ಪದಾರ್ಥವೊಂದು ಬೆಳೆದ ನೆಲದಿಂದ ಬಳಸುವವನ ಕೈಗೆ ಸೇರುವಷ್ಟರಲ್ಲಿ ಹಲವು ಕೈಗಳನ್ನು ದಾಟುತ್ತದೆ. ಈ ಕೈಗಳ ಸಾಲಿಗೆ ‘ಪೂರೈಕೆಯ ಸರಪಳಿ’ ಎಂದು ಹೆಸರು. ಇದರಲ್ಲಿ ಸರಕು ಮುಂದಕ್ಕೆ ಹರಿಯುತ್ತದೆ. ಹಣ ಹಿಂದಕ್ಕೆ ಹರಿಯುತ್ತದೆ. ಸುದ್ದಿಯಾದರೋ ಎರಡು ದಿಕ್ಕಿಗೂ ಹರಿಯಬೇಕು. ಈ ಮೂರನ್ನೂ ಅಣಿಗೊಳಿಸುವ ಬಗೆಯು ವ್ಯಾಪಾರ ಸಂಸ್ಥೆಯ ಏಳಿಗೆಯನ್ನು ಹೇಗೆ ನಿರ್ಧರಿಸುತ್ತದೆಂಬುದನ್ನು ಶಿರಸಿಯ ಅಡಿಕೆಯ ನಿದರ್ಶನದಿಂದ ತಿಳಿಯೋಣ.

ಮೊದಲು ಸರಕಿನ ವಿಚಾರ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟಗಳಲ್ಲಿ ಮಳೆಗಾಲದ ಕೊಳೆರೋಗವನ್ನು ತಡೆಯಲು ಅಡಿಕೆಯ ಕೊನೆಗಳಿಗೆ ಮೈಲುತುತ್ತ ಮತ್ತು ಸುಣ್ಣದಿಂದಾದ ಬೋರ್ಡೋ ದ್ರಾವಣವನ್ನು ಸಿಂಪಡಿಸುತ್ತಾರೆ. ಎಳೆಯ ಕಾಯಿಯನ್ನು ಸುಲಿದು, ಬೇಯಿಸಿ, ಒಣಗಿಸಿದರೆ ಕೆಂಪಡಿಕೆ. ಹಣ್ಣಡಿಕೆಯನ್ನು ಸುಮಾರು 40 ದಿನ ಬಿಸಿಲಿನಲ್ಲಿ ಒಣಗಿಸಿ ಸುಲಿದರೆ ಚಾಲಿ. ಒಳಗೆ ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ಮೊದಲ ಕೊಂಡಿಯಲ್ಲಾದ ಇಂತಹ ಅಲಕ್ಷ್ಯವನ್ನು ಕೊನೆಯ ಕೊಂಡಿಯಲ್ಲಿ ಯಾರೂ ಸರಿಪಡಿಸಲಾರರು.

ಇನ್ನು ಹಣದ ವಿಚಾರ. ತೋಟಿಗನಿಗೆ ಕೊಯ್ಲು ವರ್ಷಕ್ಕೊಮ್ಮೆ, ಖರ್ಚು ವರ್ಷವೆಲ್ಲಾ. ಕೈಯಲ್ಲಿ ಹಣವಿಲ್ಲದವನು ಕೊಯ್ಲಾದೊಡನೆ ಮಾರಲೇಬೇಕು. ಎಲ್ಲರೂ ಒಮ್ಮೆಗೇ ಮಾರಿದರೆ ದರ ಕುಸಿಯುತ್ತದೆ. 1923ರಲ್ಲಿ ಶಿರಸಿಯಲ್ಲಿ ಸ್ಥಾಪಿತವಾದ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಕೈಗೆತ್ತಿಕೊಂಡದ್ದು ಈ ಕೊಂಡಿಯನ್ನೇ. ಸದಸ್ಯನು ಅಡಿಕೆಯನ್ನು ಸಂಘದ ವಖಾರಿಗೆ ತರುತ್ತಾನೆ. ಅದರ ಆಧಾರದ ಮೇಲೆ ಮುಂಗಡ ಪಡೆಯುತ್ತಾನೆ. ದರ ಒಪ್ಪಿಗೆಯಾದಾಗ ಮಾರುತ್ತಾನೆ. ಮಾರಾಟದ ಹಣದಿಂದಲೇ ಸಾಲ ವಸೂಲಾಗುವುದರಿಂದ ಸಂಘದ ಬಂಡವಾಳವೂ ಸುರಕ್ಷಿತ. ತೋಟಿಗನಿಗಾದ ಅನುಕೂಲವೇ ಸಂಘದ ಬಲವಾಯಿತು.

ಕೊಳ್ಳುವವನಿಗೇನು ಲಾಭ? ರಾಶಿ, ಬೆಟ್ಟೆ, ತಟ್ಟಿಬೆಟ್ಟೆ, ಚಾಲಿ, ಗೋಟು ಎಂದು ಬೇರ್ಪಡಿಸಿದ ಮಾಲು ಒಂದೇ ಕಡೆ ಟೆಂಡರಿಗೆ ದೊರೆಯುತ್ತದೆ. ಬೇಕಾದಾಗ ಸಿಗುವ ಮಾಲನ್ನು ಅವನು ರಾಶಿ ಹಾಕಿಕೊಳ್ಳಬೇಕಿಲ್ಲ. ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. 1 ಲಕ್ಷ ರೂಪಾಯಿಯ ಬಂಡವಾಳ 6 ತಿಂಗಳಿಗೊಮ್ಮೆ ತಿರುಗಿ, ಪ್ರತಿ ಸಲವೂ ನೂರಕ್ಕೆ 4ರಂತೆ ಲಾಭ ತಂದರೆ ವರ್ಷದ ಗಳಿಕೆ 8,000 ರೂಪಾಯಿ. ಅದೇ ಬಂಡವಾಳ 2 ತಿಂಗಳಿಗೊಮ್ಮೆ ತಿರುಗಿದರೆ ಗಳಿಕೆ 24,000 ರೂಪಾಯಿ. ದರ ಏರಲಿಲ್ಲ, ಬಂಡವಾಳವೂ ಹೆಚ್ಚಲಿಲ್ಲ. ಸರಕು ಸುಮ್ಮನೆ ಕುಳಿತಿರುವ ಕಾಲ ಮಾತ್ರ ಕಡಮೆಯಾಯಿತು.

ಮೂರನೆಯದು ಸುದ್ದಿ. ಅಮೆರಿಕದ ಜೇ ಫಾರೆಸ್ಟರ್ ಎಂಬ ವಿದ್ವಾಂಸರು 1961ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಸ್ವಾರಸ್ಯವಾದ ಸಂಗತಿಯನ್ನು ವಿವರಿಸಿದರು. ಗಿರಾಕಿಯ ಬೇಡಿಕೆಯಲ್ಲಿ ಆದ ಸಣ್ಣ ಏರಿಳಿತವು ಸರಪಳಿಯಲ್ಲಿ ಹಿಂದೆ ಹಿಂದೆ ಸರಿದಂತೆ ದೊಡ್ಡದಾಗುತ್ತದೆ. ಬೇಡಿಕೆ 100 ಚೀಲದಿಂದ 110ಕ್ಕೆ ಏರಿತೆನ್ನಿ. ಅಂಗಡಿಯವನು ಮುಂಜಾಗ್ರತೆಯಿಂದ 120 ತರಿಸುತ್ತಾನೆ; ಸಗಟು ವ್ಯಾಪಾರಿ 140 ಕೇಳುತ್ತಾನೆ. ಬೇಡಿಕೆ ತಗ್ಗಿದಾಗ ಹೊಡೆತವೂ ಹೀಗೆಯೇ ಬೆಳೆಯುತ್ತದೆ. ಒಬ್ಬರಿಗೊಬ್ಬರ ನಿಜಸ್ಥಿತಿ ತಿಳಿಯದಿರುವುದೇ ಇದಕ್ಕೆ ಒಂದು ಮುಖ್ಯ ಕಾರಣ. ಪೇಟೆಯ ಧಾರಣೆ ಪತ್ರಿಕೆಗಳಲ್ಲಿ ಪ್ರಕಟವಾಗಿ ಹಳ್ಳಿಗೆ ತಲಪುವುದು ಈ ಕತ್ತಲೆಯನ್ನು ಸ್ವಲ್ಪಮಟ್ಟಿಗೆ ಕಳೆಯುತ್ತದೆ. 2019ರಲ್ಲಿ ‘ಶಿರಸಿ ಸುಪಾರಿ’ಗೆ ದೊರೆತ ಭೌಗೋಳಿಕ ಸೂಚಕ ಮಾನ್ಯತೆಯೂ ಸುದ್ದಿಯ ಒಂದು ರೂಪವೇ, ಮಾಲು ಯಾವ ನೆಲದ್ದೆಂಬುದನ್ನು ಅದು ದೂರದ ಗಿರಾಕಿಗೆ ತಿಳಿಸುತ್ತದೆ.

ಆದರೆ ಸುದ್ದಿ ಯಾವಾಗಲೂ ಹಿತವಾಗಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನ ಮಂಡಲಿಯು 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಅಡಿಕೆಯನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿತು. ಒಂದೇ ಬೆಳೆಯನ್ನು ನೆಚ್ಚಿದ ನಾಡಿಗೆ ಇದು ಕಿವಿಗೊಡಲೇಬೇಕಾದ ಮಾತು. ವಖಾರಿ, ಮುಂಗಡ, ಟೆಂಡರು ಎಲ್ಲವೂ ಕ್ರಮವಾಗಿದ್ದರೂ, ಬಳಸುವವನೆಂಬ ಕೊನೆಯ ಕೊಂಡಿ ಸಡಿಲವಾದರೆ ಸರಪಳಿ ನಿಲ್ಲಲಾರದು. ಆದ್ದರಿಂದ ಸಂಸ್ಥೆಯೊಂದನ್ನು ಅಳೆಯುವಾಗ ನಾವು ಅದರ ಲಾಭನಷ್ಟದ ಪಟ್ಟಿಯನ್ನಷ್ಟೇ ನೋಡಿದರೆ ಸಾಲದು. ಅದರ ಹಿಂದೆ ದುಡಿಯುವವನ ಮತ್ತು ಮುಂದೆ ಕೊಳ್ಳುವವನ ಸ್ಥಿತಿಯನ್ನೂ ವಿಚಾರಿಸಬೇಕು.